ಫೋಟೋ ಪಂಚಾಯ್ತಿ: ಫ್ಲ್ಯಾಶ್ ಕಲಿಯೋಕೆ ಒಂದು ತೆಂಗಿನಕಾಯಿ, ಒಂದು ಸ್ಲೇಟು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಫ್ಲ್ಯಾಶ್ ಬಗ್ಗೆನೇ ಇವೆ, ಮದುವೆ ಸೀಸನ್ ಅಂತಲೋ ಏನೋ ಗೊತ್ತಿಲ್ಲ, ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ತಳ್ಳಿ ಇವತ್ತು ಬರೀ ಫ್ಲ್ಯಾಶ್ ಪಂಚಾಯ್ತಿ ಮಾಡೋಣ. ಲೆನ್ಸ್ ಕೇಳಿದವರು ಬೈಕೋಬೇಡಿ.

ಪ್ರಶ್ನೆ: ಸರ್, ನಮ್ಮಣ್ಣನ ಹಳೇ ಡಿಎಸ್‌ಎಲ್‌ಆರ್ ಈಗ ನನ್ನ ಕೈಗೆ ಬಂದಿದೆ. ಅದರ ಜೊತೆಗೆ ಒಂದು ಮ್ಯಾನುವಲ್ ಫ್ಲ್ಯಾಶ್ (ಪವರ್ ನಾವೇ ಕೈಯಾರೆ ಇಡೋದು) ತಗೊಂಡೆ. ಅಜ್ಜಿಗೆ ಎಂಬತ್ತಾಯ್ತು ಅಂತ ಮನೇಲಿ ಸಣ್ಣ ಕಾರ್ಯಕ್ರಮ ಇತ್ತು, ಅದರ ಫೋಟೋದಲ್ಲಿ ಅಜ್ಜಿ ಮುಖಕ್ಕೆ ಸುಣ್ಣ ಬಳಿದಂಗಿದೆ, ಹಿಂದೆ ನಿಂತ ದೊಡ್ಡಪ್ಪ ದೊಡ್ಡಮ್ಮ ಎಲ್ಲ ಕತ್ತಲಲ್ಲಿ ಕರಗಿ ಹೋಗಿದಾರೆ. ಯೂಟ್ಯೂಬಲ್ಲಿ ಹತ್ತು ವಿಡಿಯೋ ನೋಡ್ದೆ, ಒಬ್ಬೊಬ್ರು ಒಂದೊಂದು ಸೆಟ್ಟಿಂಗ್ ಹೇಳ್ತಾರೆ. ಯಾವ ಸೆಟ್ಟಿಂಗ್ ಸರಿ ಅಂತ ನೀವೇ ಹೇಳ್ಬಿಡಿ. — ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹೇಳಲ್ಲ. ಕೋಪ ಮಾಡ್ಕೋಬೇಡಿ, ಗುಟ್ಟು ಮುಚ್ಚಿಟ್ಕೊಳ್ತಿಲ್ಲ, ಹೇಳೋಕೆ ಅಂಥ ಒಂದು ಸೆಟ್ಟಿಂಗ್ ಇಲ್ಲವೇ ಇಲ್ಲ. ಆ ವಿಡಿಯೋದವರು ಹೇಳಿದ್ದು ಅವರ ರೂಮಿಗೆ, ಅವರ ಗೋಡೆಗೆ, ಅವರು ನಿಂತ ದೂರಕ್ಕೆ ಸರಿ. ನಿಮ್ಮ ಮನೆಗೆ ಯಾವುದು ಸರಿ ಅಂತ ನೀವೇ ಕಂಡ್ಕೋಬೇಕು, ಅದಕ್ಕೆ ಒಂದು ಸಂಜೆ ಸಾಕು. ಆದ್ರೆ ಅಜ್ಜಿ ಬೇಡ, ಪಾಪ ಅವರ ಮುಖಕ್ಕೆ ನೂರು ಸಲ ಫ್ಲ್ಯಾಶ್ ಹೊಡೆದ್ರೆ ಮನೆಯವರೆಲ್ಲ ಸೇರಿ ನಿಮಗೆ ಹೊಡೀತಾರೆ. ಒಂದು ತೆಂಗಿನಕಾಯಿ ತಗೊಳ್ಳಿ, ಜುಟ್ಟು ಇರೋದು. ನಾನು ಮೂವತ್ತು ವರ್ಷದಿಂದ ಯಾವ ಹೊಸ ಫ್ಲ್ಯಾಶ್ ಬಂದ್ರೂ ಮೊದಲು ಅದನ್ನ ತೋರಿಸೋದು ತೆಂಗಿನಕಾಯಿಗೇ. ಅಲ್ಲಾಡಲ್ಲ, ಕಣ್ಣು ಮುಚ್ಚಲ್ಲ, ನಾರು ಇರೋದ್ರಿಂದ ನೆರಳು ಹೆಂಗೆ ಬೀಳತ್ತೆ ಅನ್ನೋದು ಚೆನ್ನಾಗಿ ಕಾಣತ್ತೆ, ಕೊನೆಗೆ ಚಟ್ನಿಗೂ ಆಗತ್ತೆ.

ಇನ್ನೊಂದು ಬೇಕಾಗಿರೋದು ಮಕ್ಕಳ ಸ್ಲೇಟು ಬಳಪ. ಯಾಕಂದ್ರೆ ಕ್ಯಾಮೆರಾ ಶಟರ್ (ಬಾಗಿಲು ಎಷ್ಟು ಹೊತ್ತು ತೆರೆದಿತ್ತು), ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ಅಗಲ, ಎಫ್ ಸಂಖ್ಯೆ ಅದರದ್ದೇ), ಐಎಸ್ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು) ಎಲ್ಲ ಫೋಟೋ ಫೈಲಲ್ಲಿ ಬರೆದಿಡತ್ತೆ, ಆದ್ರೆ ನಿಮ್ಮ ಮ್ಯಾನುವಲ್ ಫ್ಲ್ಯಾಶ್ ಎಷ್ಟು ಪವರಲ್ಲಿತ್ತು, ಎಷ್ಟು ದೂರದಲ್ಲಿತ್ತು ಅನ್ನೋದು ಅದಕ್ಕೆ ಗೊತ್ತಾಗಲ್ಲ. ನಾಳೆ ಬೆಳಿಗ್ಗೆ ಕಂಪ್ಯೂಟರಲ್ಲಿ ನೋಡುವಾಗ ನಿಮಗೂ ನೆನಪಿರಲ್ಲ. ಸ್ಲೇಟಲ್ಲಿ 1/16, ಎರಡು ಮೀಟರ್ ಅಂತ ಬರೆದು ಕಾಯಿ ಪಕ್ಕದಲ್ಲೇ ಒರಗಿಸಿಡಿ, ಫೋಟೋದಲ್ಲೇ ಲೆಕ್ಕ ಬಂತು.

ಈಗ ಕತ್ತಲಾದ ಮೇಲೆ ಹಾಲ್ ಲೈಟ್ ಆರಿಸಿ, ಸ್ಟೂಲ್ ಮೇಲೆ ಕಾಯಿ ಇಟ್ಟು ಎರಡು ಮೀಟರ್, ಅಂದ್ರೆ ಹತ್ತತ್ರ ಆರೂವರೆ ಅಡಿ ದೂರದಲ್ಲಿ ಕ್ಯಾಮೆರಾ ಇಡಿ. ಎಲ್ಲ ಮ್ಯಾನುವಲ್: ಐಎಸ್ಓ 100, ಎಫ್ 5.6, ಶಟರ್ 1/125. ಫ್ಲ್ಯಾಶ್ ಇಲ್ಲದೆ ಮೊದಲು ಒಂದು ಫೋಟೋ ತೆಗೀರಿ, ಅದು ಪೂರ್ತಿ ಕಪ್ಪು ಬರಬೇಕು. ಇದನ್ನ ಬಿಡಬೇಡಿ, ಆ ಕಪ್ಪು ಫೋಟೋ ಇದ್ರೇನೇ ಆಮೇಲೆ ಬರೋ ಬೆಳಕೆಲ್ಲ ಫ್ಲ್ಯಾಶಿಂದೇ ಬಂದಿದ್ದು ಅಂತ ಖಾತ್ರಿ ಆಗೋದು. ಆಮೇಲೆ ಫ್ಲ್ಯಾಶ್ ಆನ್ ಮಾಡಿ 1/1 ಪವರ್ ಇಂದ 1/2, 1/4 ಅಂತ 1/128ರ ತನಕ ಇಳೀತಾ ಹೋಗಿ, ಎಂಟು ಫೋಟೋ ಆಗತ್ತೆ. ಬೇರೆ ಏನನ್ನೂ ಮುಟ್ಟಬೇಡಿ. ನಮ್ಮನೇಲಿ 1/1ರಲ್ಲಿ ಕಾಯಿ ಹೋಗಿ ಮೊಸರಿನ ಉಂಡೆ ಥರ ಬಂತು, 1/16ಕ್ಕೆ ನಾರಿನ ಬಣ್ಣ ಬಣ್ಣದಂಗೆ ಕಂಡಿತು, 1/128ಕ್ಕೆ ಜುಟ್ಟಿನ ಎಳೆ ಮಾತ್ರ ಮಬ್ಬಾಗಿ. ನಿಮ್ಮ ಫ್ಲ್ಯಾಶಿಗೆ ಒಂದು ಹೆಜ್ಜೆ ಆಚೀಚೆ ಆಗಬಹುದು, ಆಗಲಿ. ಕ್ಯಾಮೆರಾ ಹಿಂದಿನ ಸ್ಕ್ರೀನ್ ನಂಬಬೇಡಿ ಮತ್ತೆ, ಕತ್ತಲ ರೂಮಲ್ಲಿ ಎಲ್ಲಾ ಫೋಟೋನೂ ಅದು ಪಳಪಳ ಅಂತಾನೇ ತೋರಿಸತ್ತೆ, ಹಿಸ್ಟೋಗ್ರಾಮ್, ಅಂದ್ರೆ ಫೋಟೋದಲ್ಲಿ ಕಪ್ಪೆಷ್ಟು ಬಿಳಿಯೆಷ್ಟು ಅಂತ ತೋರಿಸೋ ಗ್ರಾಫ್ ನೋಡಿ.

ಆ ಸರಿ ಬಂದ ಪವರನ್ನ ಹಿಡ್ಕೊಂಡು ಈಗ ದೂರ ಬದಲಾಯಿಸಿ. ಕಾಯಿನ ಒಂದು ಮೀಟರಿಗೆ ತನ್ನಿ, ಆಮೇಲೆ ನಾಲ್ಕು ಮೀಟರಿಗೆ ಒಯ್ಯಿರಿ. ದೂರ ಎರಡು ಪಟ್ಟಾದ್ರೆ ಬೆಳಕು ಅರ್ಧ ಆಗತ್ತೆ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ, ಅರ್ಧ ಅಲ್ಲ, ಕಾಲು ಭಾಗ ಆಗತ್ತೆ. ಒಂದು ಮೀಟರಲ್ಲಿ ಹದಿನಾರು ಪಾಲು ಬೆಳಕು ಬಿದ್ರೆ ಎರಡು ಮೀಟರಲ್ಲಿ ನಾಲ್ಕು ಪಾಲು, ನಾಲ್ಕು ಮೀಟರಲ್ಲಿ ಒಂದೇ ಪಾಲು. ಹೈಸ್ಕೂಲ್ ವಿಜ್ಞಾನದಲ್ಲಿ ವಿಲೋಮ ವರ್ಗ ನಿಯಮ ಅಂತ ಬಾಯಿಪಾಠ ಮಾಡಿಸಿದ್ರಲ್ಲ, ಅದೇ ಇದು, ಆವಾಗ ಯಾರಾದ್ರೂ ತೆಂಗಿನಕಾಯಿ ಇಟ್ಟು ತೋರಿಸಿದ್ರೆ ನಾನೂ ಪಾಸಾಗ್ತಿದ್ದೆ.

ನಿಮ್ಮಜ್ಜಿ ಫೋಟೋ ಕೆಟ್ಟಿದ್ದು ಇಲ್ಲೇ ನೋಡಿ. ನೀವು ಅಜ್ಜಿ ಎದುರಿಗೆ ಒಂದು ಮೀಟರಲ್ಲಿ ನಿಂತಿದ್ರಿ, ದೊಡ್ಡಪ್ಪ ಅವರ ಹಿಂದೆ ಇನ್ನೊಂದು ಮೀಟರಲ್ಲಿ ಅಂತ ಇಟ್ಕೊಳ್ಳಿ, ದೊಡ್ಡಪ್ಪಂಗೆ ಸಿಕ್ಕಿದ್ದು ಅಜ್ಜಿಗೆ ಸಿಕ್ಕಿದ್ದರ ಕಾಲು ಭಾಗ. ಪವರ್ ಜಾಸ್ತಿ ಮಾಡಿದ್ರೆ ಅಜ್ಜಿ ಇನ್ನೂ ಬಿಳಿ ಆಗ್ತಾರೆ, ಕಮ್ಮಿ ಮಾಡಿದ್ರೆ ದೊಡ್ಡಪ್ಪ ಪೂರ್ತಿ ಮಾಯ. ಪವರ್ ತಿರುಗಿಸೋದ್ರಲ್ಲಿ ಇದಕ್ಕೆ ಪರಿಹಾರನೇ ಇಲ್ಲ. ನೀವು ಹಿಂದಕ್ಕೆ ಹೋಗಬೇಕು. ಅಜ್ಜಿಯಿಂದ ಮೂರು ಮೀಟರ್ ಹಿಂದೆ ಬಂದು ಝೂಮ್ ಮಾಡಿ ತೆಗೆದ್ರೆ ದೊಡ್ಡಪ್ಪ ನಾಲ್ಕು ಮೀಟರಲ್ಲಿ ಇರ್ತಾರೆ, ಅಜ್ಜಿಗೆ ಹದಿನಾರು ಪಾಲು ಬಿದ್ರೆ ಅವರಿಗೆ ಒಂಬತ್ತು. ಅರ್ಧಕ್ಕಿಂತ ಜಾಸ್ತಿ ಆಯ್ತಲ್ಲ, ಅಷ್ಟು ಸಾಕು, ಮುಖ ಕಾಣತ್ತೆ.

ಮೂರನೇ ಆಟ ಶಟರ್‌ದು, ನನಗೆ ಇದು ತುಂಬಾ ಇಷ್ಟ. ಹಾಲ್ ಲೈಟ್ ಆಫ್ ಇರ್ಲಿ, ಕಾಯಿ ಹಿಂದೆ ದೂರದಲ್ಲಿ ಕಾಣೋ ಹಂಗೆ ಅಡುಗೆಮನೆ ಲೈಟ್ ಹಾಕಿ ಬಾಗಿಲು ತೆಗೆದಿಡಿ. ಐಎಸ್ಓ 400 ಮಾಡಿ. ಐಎಸ್ಓ ನಾಲ್ಕು ಪಟ್ಟಾಯ್ತು, ಹಾಗಾಗಿ ಫ್ಲ್ಯಾಶ್ ಪವರ್ ನಾಲ್ಕನೇ ಒಂದು ಭಾಗ ಸಾಕು, 1/16 ಇದ್ದಿದ್ದನ್ನ 1/64ಕ್ಕೆ ಇಳಿಸಿ. ಈಗ ಶಟರ್ ಮಾತ್ರ ಬದಲಾಯಿಸ್ತಾ ಹೋಗಿ, 1/125, 1/30, 1/8, ಕೊನೆಗೆ ಅರ್ಧ ಸೆಕೆಂಡು. ಕಾಯಿ ಹೆಚ್ಚುಕಮ್ಮಿ ಹಂಗೇ ಇರತ್ತೆ, ಹಿಂದಿನ ಅಡುಗೆಮನೆ ಮಾತ್ರ ಯಾರೋ ಮೆಲ್ಲಗೆ ದೀಪ ಏರಿಸ್ತಾ ಬಂದಂಗೆ ಕತ್ತಲಿಂದ ಎದ್ದು ಬರತ್ತೆ. ಒಲೆ, ಡಬ್ಬಿ ಸಾಲು, ಕ್ಯಾಲೆಂಡರು, ಒಂದೊಂದೇ. ಫ್ಲ್ಯಾಶ್ ಉರಿಯೋದು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ, ಆಮೇಲೆ ಶಟರ್ ಎಷ್ಟೊತ್ತು ಬಾಯಿ ತೆಗೆದಿದ್ರೂ ಅದಕ್ಕೇನು, ಅದರ ಕೆಲಸ ಮುಗೀತು. ಬಲ್ಬಿನ ಬೆಳಕು ಹಂಗಲ್ಲ, ಶಟರ್ ತೆಗೆದಿರೋ ಅಷ್ಟೂ ಹೊತ್ತು ಒಳಗೆ ಬರ್ತಾನೇ ಇರತ್ತೆ. ಅಂದ್ರೆ ನಿಮ್ಮ ಹತ್ರ ಎರಡು ನಲ್ಲಿ ಇವೆ. ಫ್ಲ್ಯಾಶ್ ಪವರ್ ಮುಂದಿನವರಿಗೆ, ಶಟರ್ ಹಿಂದಿನ ಬೆಳಕಿಗೆ. ಅಪರ್ಚರ್ ಐಎಸ್ಓ ಎರಡಕ್ಕೂ ಸೇರಿದ್ದು. ಅರ್ಧ ಸೆಕೆಂಡಿನ ಫೋಟೋ ತೆಗೆಯುವಾಗ ನಮ್ಮನೆಯವರು ಸಾರಿನ ಪಾತ್ರೆ ಹಿಡ್ಕೊಂಡು ಅಡುಗೆಮನೇಲಿ ಆ ಕಡೆಯಿಂದ ಈ ಕಡೆ ಹೋದ್ರು, ಫೋಟೋದಲ್ಲಿ ಬರೀ ಹೊಗೆ ಥರ ಒಂದು ಸೀರೆ ಬಣ್ಣ ಇದೆ, ಕಾಯಿ ಮಾತ್ರ ಕಲ್ಲಿನಂಗೆ ನಿಂತಿದೆ. ಆ ಒಂದು ಫೋಟೋ ಹತ್ತು ವಿಡಿಯೋಗೆ ಸಮ.

ಕೊನೇದು, ಫ್ಲ್ಯಾಶನ್ನ ಕ್ಯಾಮೆರಾ ತಲೆಯಿಂದ ಇಳಿಸಿ ಪಕ್ಕಕ್ಕೆ ಒಯ್ಯೋದು. ಫ್ಲ್ಯಾಶಲ್ಲೇ ರೇಡಿಯೋ ಇದ್ರೆ ಅದರ ಟ್ರಿಗರ್ (ಕ್ಯಾಮೆರಾ ಮೇಲೆ ಕೂತು ದೂರದ ಫ್ಲ್ಯಾಶ್ ಹೊಡೆಸೋದು) ಸಾಕು, ಇಲ್ಲಾಂದ್ರೆ ಒಂದು ಜೊತೆ ಸಾದಾ ಟ್ರಿಗರ್ ರಿಸೀವರ್ ಸಿಗತ್ತೆ. ಎದುರಿಂದ ಹೊಡೆದಾಗ ಕಾಯಿ ಚಪ್ಪಟೆ, ರೊಟ್ಟಿ ಥರ. ಎಡಗಡೆಯಿಂದ ಹೊಡೀರಿ, ನಾರು ಒಂದೊಂದು ಎಳೆಗೂ ಅದರದೇ ಗೆರೆಯಷ್ಟು ನೆರಳು ಬಂದು ಕಾಯಿ ದುಂಡಗೆ ಆಗತ್ತೆ, ಮುಟ್ಟಿದ್ರೆ ಕೈಗೆ ಚುಚ್ಚತ್ತೇನೋ ಅನ್ನಿಸತ್ತೆ. ಹಿಂದಿನಿಂದ ಹೊಡೆದ್ರೆ ಜುಟ್ಟಿಗೆ ಬೆಂಕಿ ಹತ್ತಿದಂಗೆ ಅಂಚು. ಇಷ್ಟಾದ ಮೇಲೆ ಅಜ್ಜಿನ ಕರ್ಕೊಂಡು ಬಂದು ಕೂರಿಸಿ, ಅವರ ಮುಖದ ಸುಕ್ಕು ಎಷ್ಟು ಕಾಣಬೇಕು ಅನ್ನೋದು ಈಗ ನಿಮ್ಮ ಕೈಲಿದೆ. ಎಲ್ಲಾ ಹೊತ್ತಲ್ಲೂ ಒಂದೇ ಒಂದನ್ನ ಬದಲಾಯಿಸಿ ಅನ್ನೋದು ಮಾತ್ರ ಮರೀಬೇಡಿ, ಎರಡು ಗುಂಡಿ ಒಟ್ಟಿಗೆ ತಿರುಗಿಸಿದ್ರೆ ಯಾವುದರಿಂದ ಏನಾಯ್ತು ಅಂತ ಆ ಶಿವನಿಗೂ ಗೊತ್ತಾಗಲ್ಲ.

ಪ್ರಶ್ನೆ: ಸರ್, ರೇಡಿಯೋ ಟ್ರಿಗರ್ ಹಾಕಿ ತೆಗೆದ ಫೋಟೋಗಳಲ್ಲಿ ಕೆಳಗಡೆ ಒಂದು ಕಪ್ಪು ಪಟ್ಟಿ ಬರ್ತಿದೆ. ಕ್ಯಾಮೆರಾ ಹಾಳಾಗಿದ್ಯಾ? ಅಂಗಡಿಯವರು ಸರ್ವಿಸಿಗೆ ಕೊಡಿ ಅಂತಿದಾರೆ. — ಓದುಗರೊಬ್ಬರು, ದಾವಣಗೆರೆ

ಉತ್ತರ: ಕೊಡಬೇಡಿ, ದುಡ್ಡು ಉಳಿಸ್ಕೊಳ್ಳಿ. ನಿಮ್ಮ ಶಟರ್ ಸ್ಪೀಡ್ ಜಾಸ್ತಿ ಆಗಿದೆ ಅಷ್ಟೇ. ಶಟರಲ್ಲಿ ಎರಡು ಪರದೆ ಇರತ್ತೆ, ಒಂದು ತೆರೀತಾ ಹೋಗತ್ತೆ, ಇನ್ನೊಂದು ಮುಚ್ತಾ ಬರತ್ತೆ. ಒಂದು ಸ್ಪೀಡಿನ ತನಕ ಪೂರ್ತಿ ಬಾಗಿಲು ತೆರೆದಿರೋ ಗಳಿಗೆ ಅಂತ ಒಂದಿರತ್ತೆ, ಫ್ಲ್ಯಾಶ್ ಆವಾಗ ಹೊಡೀಬೇಕು. ಈಗಿನ ತುಂಬಾ ಕ್ಯಾಮೆರಾಗಳಲ್ಲಿ ಆ ಮಿತಿ 1/200 ಅಥವಾ 1/250. ಅದನ್ನ ದಾಟಿದ್ರೆ ಮೊದಲ ಪರದೆ ಪೂರ್ತಿ ತೆರೆಯೋ ಮುಂಚೆನೇ ಎರಡನೇದು ಮುಚ್ಚೋಕೆ ಶುರು ಮಾಡತ್ತೆ, ಆ ಪರದೆ ನೆರಳೇ ನಿಮ್ಮ ಕಪ್ಪು ಪಟ್ಟಿ. ಅದೇ ಕಂಪನಿ ಫ್ಲ್ಯಾಶ್ ತಲೆ ಮೇಲೆ ಕೂತಿದ್ರೆ ಸಾಮಾನ್ಯವಾಗಿ ಕ್ಯಾಮೆರಾನೇ ಸ್ಪೀಡಿಗೆ ಬ್ರೇಕ್ ಹಾಕತ್ತೆ, ಸಾದಾ ಟ್ರಿಗರ್ ಇದ್ದಾಗ ಅದಕ್ಕೆ ಫ್ಲ್ಯಾಶ್ ಇದೆ ಅಂತಾನೇ ಗೊತ್ತಾಗಲ್ಲ, ಸುಮ್ನೆ ಬಿಟ್ಬಿಡತ್ತೆ.

ಇದನ್ನ ನಾನು ಕಲಿತಿದ್ದು ಮರ್ಯಾದೆ ಕಳ್ಕೊಂಡು. ರೀಲ್ ಕಾಲ. ನನ್ನ ಹತ್ರ ಇದ್ದಿದ್ದು ಪೆಂಟಾಕ್ಸ್ ಕೆ1000, ಅದರಲ್ಲಿ ಫ್ಲ್ಯಾಶಿಗೆ ಮಿತಿ 1/60. ಒಂದು ಮದುವೇಲಿ ಚಪ್ಪರದ ಹೊರಗೆ ಬಿಸಿಲಲ್ಲಿ ವಾಲಗದವರ ಫೋಟೋ ತೆಗೀತಾ ಡಯಲ್ 1/125ಕ್ಕೆ ತಿರುಗಿಸಿದ್ದೆ, ಅಷ್ಟರಲ್ಲಿ ಒಳಗಿಂದ ಧಾರೆಗೆ ಕರೆದ್ರು, ಓಡಿ ಹೋದೆ, ಫ್ಲ್ಯಾಶ್ ಹಾಕ್ದೆ, ಡಯಲ್ ಮರೆತೆ. ಆ ಕ್ಯಾಮೆರಾದ ಬಟ್ಟೆ ಪರದೆ ಅಡ್ಡಡ್ಡ ಓಡೋದು. ಪ್ರಿಂಟ್ ಬಂದಾಗ ನೋಡ್ತೀನಿ, ಫ್ರೇಮಿನ ಅರ್ಧ ಸರಿಯಾಗಿದೆ, ಇನ್ನರ್ಧ ಕಪ್ಪು. ಮದುಮಗಳಿದಾಳೆ, ಅವಳ ಅಪ್ಪ ಅಮ್ಮ ಇದಾರೆ, ಧಾರೆ ನೀರೂ ಬೀಳ್ತಿದೆ, ಮದುಮಗ ಇಲ್ಲ. ಒಂದಲ್ಲ ಎರಡಲ್ಲ ಹನ್ನೊಂದು ಫೋಟೋ. ಗಂಡಿನ ಕಡೆಯವರು ಆಲ್ಬಮ್ ಮಗುಚಿ ಹಾಕಿ, ಹುಡುಗ ಎಲ್ಲಿಗೆ ಹೋಗಿದ್ದ ಅಂತ ಕೇಳಿದ್ದು ಇವತ್ತಿಗೂ ಕಿವೀಲಿದೆ. ದುಡ್ಡು ಕೇಳೋ ಮುಖ ಎಲ್ಲಿತ್ತು, ಸುಮ್ನೆ ಬಂದೆ.

ಆ ರಾತ್ರಿ ಕ್ಯಾಮೆರಾ ಹಿಂದಿನ ಬಾಗಿಲು ತೆಗೆದು, ರೀಲ್ ಇಲ್ಲದೆ, ಫ್ಲ್ಯಾಶ್ ಹಾಕಿ, ಲೆನ್ಸನ್ನ ಬಿಳಿ ಗೋಡೆಗೆ ಹಿಡಿದು ಹಿಂದಿನಿಂದ ನೋಡ್ತಾ ಕ್ಲಿಕ್ ಮಾಡ್ದೆ. 1/60ರಲ್ಲಿ ಪೂರ್ತಿ ಕಿಟಕಿ ಫಳ್ ಅಂತು. 1/125ರಲ್ಲಿ ಅರ್ಧ ಕಿಟಕಿ. ಪುಸ್ತಕದಲ್ಲಿ ಓದಿದ್ದೇ, ಆದ್ರೆ ಕಣ್ಣಾರೆ ಅರ್ಧ ಕಿಟಕಿ ನೋಡಿದ ಮೇಲೆ ಡಯಲ್ ನೋಡದೆ ಒಂದು ಫ್ಲ್ಯಾಶ್ ಹೊಡೆದಿಲ್ಲ. ನೀವು ಬಿಳಿ ಗೋಡೆ ಮುಂದೆ 1/160 ಇಂದ 1/500ರ ತನಕ ಒಂದೊಂದೇ ಹೆಜ್ಜೆ ಏರಿಸ್ತಾ ತೆಗೀರಿ, ಪಟ್ಟಿ ಎಲ್ಲಿ ಶುರುವಾಗತ್ತೆ, ಹೆಂಗೆ ಏರತ್ತೆ ನೋಡಿ, ಟ್ರಿಗರ್ ನಿಧಾನ ಆಗಿದ್ರೆ ಬರೆದಿರೋ ಮಿತಿಗಿಂತ ಒಂದು ಹೆಜ್ಜೆ ಮುಂಚೆನೇ ಬರಬಹುದು. ಆ ಮಿತಿ ದಾಟಿಯೂ ಫ್ಲ್ಯಾಶ್ ಹೊಡೆಯೋಕೆ ಹೈ ಸ್ಪೀಡ್ ಸಿಂಕ್ ಅಂತ ಇದೆಯಲ್ಲ ಅಂತೀರಾ, ಇದೆ, ಆದ್ರೆ ಅದರಲ್ಲಿ ಫ್ಲ್ಯಾಶ್ ಒಂದೇ ಏಟಿಗೆ ಹೊಡೆಯೋ ಬದಲು ಮಿಣಮಿಣ ಅಂತ ಉದ್ದಕ್ಕೆ ಉರಿಯತ್ತೆ, ಶಕ್ತಿ ತುಂಬಾ ಸೋರಿ ಹೋಗತ್ತೆ. ಮತ್ತೆ ಮಿರರ್‌ಲೆಸ್ ಇರೋರು, ಸೈಲೆಂಟ್ ಶಟರ್ ಹಾಕಿಟ್ಟು ಫ್ಲ್ಯಾಶ್ ಹೊಡೀತಿಲ್ಲ ಅಂತ ನನಗೆ ಬರೀಬೇಡಿ, ಹೆಚ್ಚಿನ ಕ್ಯಾಮೆರಾಗಳಲ್ಲಿ ಹೊಡೆಯಲ್ಲ.

ಪ್ರಶ್ನೆ: ಫ್ಲ್ಯಾಶನ್ನ ಸೀಲಿಂಗಿಗೆ ಹೊಡೆದ್ರೆ ಬೆಳಕು ಮೆತ್ತಗೆ ಬರತ್ತೆ ಅಂತ ಎಲ್ಲರೂ ಹೇಳ್ತಾರೆ. ನಮ್ಮದು ಹಂಚಿನ ಮನೆ, ಗೋಡೆಗೆ ಹಸಿರು ಬಣ್ಣ. ಹೊಡೆದ್ರೆ ಎಲ್ಲರೂ ಕಾಮಾಲೆ ಬಂದವರ ಥರ ಕಾಣ್ತಾರೆ. — ಓದುಗರೊಬ್ಬರು, ಪುತ್ತೂರು

ಉತ್ತರ: ಸೀಲಿಂಗಿಗೆ ಹೊಡೀರಿ ಅಂತ ಹೇಳೋರ ಮನೇಲಿ ಎಂಟೊಂಬತ್ತು ಅಡಿ ಎತ್ತರಕ್ಕೆ ಬಿಳಿ ಆರ್‌ಸಿಸಿ ಇರತ್ತೆ ತಾಯಿ. ನಿಮ್ಮ ಮನೇಲಿ ಮೇಲೆ ಹೋದ ಬೆಳಕು ಕಪ್ಪು ತೊಲೆ, ಕೆಂಪು ಹಂಚಿನ ಮಧ್ಯೆ ಹೋಗಿ ಅಲ್ಲೇ ಕೂತ್ಕೊಳ್ಳತ್ತೆ, ಗೋಡೆಗೆ ಹೋಗಿದ್ದು ಗೋಡೆ ಬಣ್ಣ ಬಳ್ಕೊಂಡು ವಾಪಸ್ ಬರತ್ತೆ. ಅದಕ್ಕೇ ಬಿಳಿ ಗೋಡೆನ ನೀವೇ ತಯಾರು ಮಾಡ್ಕೊಳ್ಳಿ. ಪೇಟೇಲಿ ಥರ್ಮೋಕೋಲ್ ಶೀಟ್ ಸಿಗತ್ತೆ, ಅದನ್ನ ಯಾರಾದ್ರೂ ಪಕ್ಕದಲ್ಲಿ ಹಿಡ್ಕೊಂಡ್ರೆ ಅದಕ್ಕೆ ಫ್ಲ್ಯಾಶ್ ತಿರುಗಿಸಿ ಹೊಡೀರಿ. ಅದಕ್ಕಿಂತ ಚೆನ್ನಾಗಿರೋದು ಬಿಳಿ ಪಂಚೆ. ಹಗ್ಗ ಕಟ್ಟಿ ಪಂಚೆ ಇಳಿಬಿಟ್ಟು, ಅದರ ಹಿಂದೆ ಮೂರು ಅಡಿ ದೂರದಲ್ಲಿ ಫ್ಲ್ಯಾಶ್ ಇಟ್ಟು, ಪಂಚೆ ಈ ಕಡೆ ಹತ್ತಿರದಲ್ಲೇ ಕೂರಿಸಿದವರ ಮುಖ ನೋಡಿ. ಬೆಂಕಿಪೊಟ್ಟಣದಷ್ಟಿದ್ದ ಬೆಳಕು ಪಂಚೆ ಅಗಲ ಆಯ್ತು, ಮೂಗಿನ ನೆರಳಿಗೆ ಕತ್ತರಿಸಿದಂಗಿದ್ದ ಅಂಚು ಹೋಯ್ತು. ಬೆಳಕು ಕಮ್ಮಿ ಆಗತ್ತೆ, ಪವರ್ ಎರಡು ಮೂರು ಹೆಜ್ಜೆ ಏರಿಸಿ. ಪಂಚೆ ಅಂಚಿನ ಜರಿ ಫ್ರೇಮಲ್ಲಿ ಬರದಂಗೆ ನೋಡ್ಕೊಳ್ಳಿ, ನೀಲಿ ಹಾಕಿ ಒಗೆದ ಪಂಚೆ ಬೇಡ.

ಹಳದಿ ಬಲ್ಬಿರೋ ಮನೇಲಿ ಮುಖ ಸರಿ ಬಂದು ಹಿಂದೆಲ್ಲ ಕಿತ್ತಳೆ ಬಣ್ಣ ಬರೋದೂ ಇದೇ ಜಾತಿ ತೊಂದರೆ. ಫ್ಲ್ಯಾಶಿನ ಬಣ್ಣ ನಡುಮಧ್ಯಾಹ್ನದ ಬಿಸಿಲಿನ ಥರ, ಸುಮಾರು 5500 ಕೆಲ್ವಿನ್, ಬಲ್ಬು 3000 ಆಸುಪಾಸು. ಫ್ಲ್ಯಾಶ್ ಬಾಯಿಗೆ ಕಿತ್ತಳೆ ಜೆಲ್ (ಬೆಳಕು ಹಾಯೋ ಬಣ್ಣದ ಹಾಳೆ) ಕಟ್ಟಿ ವೈಟ್ ಬ್ಯಾಲೆನ್ಸನ್ನ, ಅಂದ್ರೆ ಯಾವ ಬೆಳಕನ್ನ ಬಿಳಿ ಅಂತ ಲೆಕ್ಕ ಹಾಕಬೇಕು ಅನ್ನೋ ಸೆಟ್ಟಿಂಗನ್ನ, ಬಲ್ಬಿಗೆ ಇಡಿ, ಎರಡೂ ರಾಜಿ ಆಗ್ತವೆ. ಸ್ವೀಟ್ ಬಾಕ್ಸಿನ ಬಣ್ಣದ ಕಾಗದಾನೂ ಕಟ್ಟಿ ನೋಡಿದೀನಿ, ಹತ್ತಿರ ಹತ್ತಿರ ಬರತ್ತೆ, ಪೂರ್ತಿ ಅಲ್ಲ.

ಪ್ರಶ್ನೆ: ಟಿಟಿಎಲ್ (ಲೆನ್ಸ್ ಒಳಗೆ ಬಂದ ಬೆಳಕು ಅಳೆದು ಫ್ಲ್ಯಾಶ್ ಪವರನ್ನ ಕ್ಯಾಮೆರಾನೇ ಇಡೋದು) ಇರುವಾಗ ಮ್ಯಾನುವಲ್ ಯಾಕೆ ಕಲೀಬೇಕು? — ಓದುಗರೊಬ್ಬರು, ಬೆಂಗಳೂರು

ಉತ್ತರ: ಮದುವೇಲಿ ನಾನೂ ಟಿಟಿಎಲ್ಲೇ ಹಾಕೋದು, ಓಡಾಡುವಾಗ ಲೆಕ್ಕ ಹಾಕ್ತಾ ಕೂರೋಕಾಗಲ್ಲ. ಆದ್ರೆ ಅದು ಮೊದಲು ಒಂದು ಸಣ್ಣ ಫ್ಲ್ಯಾಶ್ ಹೊಡೆದು ವಾಪಸ್ ಬಂದ ಬೆಳಕು ಅಳೆಯತ್ತೆ. ಬಿಳಿ ಪಂಚೆ ಬಿಳಿ ಶಲ್ಯದವರು ಸಾಲಾಗಿ ನಿಂತ್ರೆ ಅಬ್ಬಾ ಎಷ್ಟು ಬೆಳಕು ಅಂತ ಪವರ್ ಇಳಿಸಿ ಎಲ್ಲರನ್ನೂ ಮಂಕು ಮಾಡತ್ತೆ, ಕಪ್ಪು ಕೋಟಿನ ರಿಸೆಪ್ಷನ್ ಮದುಮಗ ಬಂದ್ರೆ ಉಲ್ಟಾ. ಪಂಚೆಗೆ ಪ್ಲಸ್ ಒಂದು, ಕೋಟಿಗೆ ಮೈನಸ್ ಒಂದು ಕೊಡಬೇಕು ಅಂತ ನಿಮಗೆ ಹೊಳೀಬೇಕಾದ್ರೆ ಮ್ಯಾನುವಲ್ ಗೊತ್ತಿರಬೇಕು.

ಪ್ರಶ್ನೆ: ಅಪ್ಪನ ಟ್ರಂಕಲ್ಲಿ ಹಳೇ ಫ್ಲ್ಯಾಶ್ ಸಿಕ್ಕಿದೆ. ನನ್ನ ಹೊಸ ಕ್ಯಾಮೆರಾಗೆ ಹಾಕಬಹುದಾ? — ಓದುಗರೊಬ್ಬರು, ಗದಗ

ಉತ್ತರ: ಅಳೆಯದೆ ಹಾಕಬೇಡಿ. ರೀಲ್ ಕಾಲದ ಕೆಲವು ಫ್ಲ್ಯಾಶ್‌ಗಳ ಕಾಲಿನ ಮಧ್ಯದ ಪಿನ್ನಿಂದ ಕ್ಯಾಮೆರಾಗೆ ನೂರಾರು ವೋಲ್ಟ್ ಹೋಗತ್ತೆ, ಹಳೇ ಕ್ಯಾಮೆರಾ ತಡ್ಕೊತಿತ್ತು, ಈಗಿನ ಎಲೆಕ್ಟ್ರಾನಿಕ್ಸ್ ಸುಟ್ಟು ಹೋಗಬಹುದು. ಹೊಸ ಸೆಲ್ ಹಾಕಿ, ಆನ್ ಮಾಡಿ ಹತ್ತು ನಿಮಿಷ ಹಂಗೇ ಇಡಿ, ಆಮೇಲೆ ಮಲ್ಟಿಮೀಟರ್ ಡಿಸಿಗೆ ಇಟ್ಟು ಮಧ್ಯದ ಪಿನ್ನಿಗೆ ಒಂದು ಕಡ್ಡಿ, ಪಕ್ಕದ ಲೋಹಕ್ಕೆ ಇನ್ನೊಂದು ಕಡ್ಡಿ ಹಿಡೀರಿ. ಐದಾರು ವೋಲ್ಟ್ ಒಳಗಿದ್ರೆ ಧೈರ್ಯವಾಗಿ ಹಾಕಿ. ಅದಕ್ಕಿಂತ ಜಾಸ್ತಿ ಬಂದ್ರೆ ಅಪ್ಪನ ನೆನಪಿಗೆ ಶೋಕೇಸಲ್ಲಿಡಿ. ರಿಪೇರಿ ಮಾಡ್ತೀನಿ ಅಂತ ಬಿಚ್ಚೋಕೆ ಮಾತ್ರ ಹೋಗಬೇಡಿ, ಸೆಲ್ ತೆಗೆದ ಮೇಲೂ ಒಳಗಿನ ಕೆಪ್ಯಾಸಿಟರಲ್ಲಿ ಮುನ್ನೂರು ವೋಲ್ಟ್ ಕೂತಿರತ್ತೆ.

ಪ್ರಶ್ನೆ: ಅಂಕಲ್, ನಾನು ಎಂಟನೇ ಕ್ಲಾಸು. ಹಾಲಿನ ಹನಿ ಬಿದ್ದಾಗ ಕಿರೀಟದ ಥರ ಆಗೋ ಫೋಟೋ ನೋಡ್ದೆ. ಮನೇಲಿ ತೆಗೆಯೋಕಾಗತ್ತಾ? ನಮ್ಮ ಮಾವನ ಹತ್ರ ಕ್ಯಾಮೆರಾ ಫ್ಲ್ಯಾಶ್ ಇದೆ. — ಪುಟ್ಟ ಓದುಗ, ಚಿಕ್ಕಮಗಳೂರು

ಉತ್ತರ: ಆಗತ್ತೆ ಪುಟ್ಟಾ. ಆ ಫೋಟೋದಿಂದ ಹೆಸರು ಮಾಡಿದವರು ಹೆರಾಲ್ಡ್ ಎಡ್ಜರ್ಟನ್ ಅಂತ, ಅಮೆರಿಕದ ಎಂಐಟಿಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮೇಷ್ಟ್ರು. 1930ರ ದಶಕದಿಂದ ಹಾಲಿನ ಹನಿ ಹಿಂದೆ ಬಿದ್ದಿದ್ರು, ಎಲ್ಲರೂ ನೋಡಿರೋ ಕೆಂಪು ಹಿನ್ನೆಲೆಯ ಬಣ್ಣದ ಫೋಟೋ 1957ರದ್ದು. ಅಷ್ಟು ವರ್ಷ ಒಂದೇ ಹನಿನ ಮತ್ತೆ ಮತ್ತೆ ಬೀಳಿಸಿದಾರೆ ನೋಡು, ಹಾಗಾಗಿ ನಿನಗೆ ಮೊದಲ ದಿನ ಬರದಿದ್ರೆ ಅಳಬೇಡ.

ಗುಟ್ಟು ಏನಂದ್ರೆ ಹನಿನ ನಿಲ್ಲಿಸೋದು ಕ್ಯಾಮೆರಾ ಅಲ್ಲ, ಫ್ಲ್ಯಾಶ್. ಪವರ್ ಕಮ್ಮಿ ಮಾಡಿದ್ರೆ ಫ್ಲ್ಯಾಶ್ ಮಂಕಾಗಿ ಉರಿಯತ್ತೆ ಅಂದ್ಕೊಂಡಿರ್ತೀಯ, ಅದು ಹಂಗಲ್ಲ, ಉರಿಯೋದನ್ನ ಮಧ್ಯದಲ್ಲೇ ಕಡಿದು ನಿಲ್ಲಿಸತ್ತೆ. ಪೂರ್ತಿ ಪವರಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗವೋ ಅದಕ್ಕಿಂತ ಉದ್ದವೋ ಉರಿದ್ರೆ, 1/64ಕ್ಕೆ ಇಳಿಸಿದಾಗ ಹತ್ತು ಸಾವಿರದ ಒಂದು ಭಾಗಕ್ಕೂ ಬರತ್ತೆ. ಆದ್ದರಿಂದ ಮಾವ ಪವರ್ ಜಾಸ್ತಿ ಮಾಡೋಕೆ ಬಂದ್ರೆ ಬಿಡಬೇಡ. ಅಗಲ ತಟ್ಟೇಲಿ ತೆಳ್ಳಗೆ ಹಾಲು ಹಾಕು, ಮೇಲಿಂದ ಇಂಕ್ ಫಿಲ್ಲರಲ್ಲಿ ಒಂದೂವರೆ ಅಡಿ ಎತ್ತರದಿಂದ ಹನಿ ಬಿಡು. ಹನಿ ಬೀಳೋ ಜಾಗದಲ್ಲಿ ಒಂದು ಚಮಚ ನಿಲ್ಲಿಸಿ ಅದಕ್ಕೆ ಫೋಕಸ್ ಮಾಡಿ, ಮ್ಯಾನುವಲ್ ಫೋಕಸಿಗೆ ಹಾಕಿ ಚಮಚ ತೆಗೆದುಬಿಡು. ಐಎಸ್ಓ 200, ಎಫ್ 11, ಶಟರ್ 1/200, ಫ್ಲ್ಯಾಶ್ 1/64ರಲ್ಲಿ ಪಕ್ಕದಿಂದ ಎರಡು ಅಡಿ ದೂರ, ರೂಮು ಮಬ್ಬು. ನೀನು ಹನಿ ಬಿಡು, ಮಾವ ಕ್ಲಿಕ್ ಮಾಡಲಿ, ಇಲ್ಲಾ ಉಲ್ಟಾ. ಮೊದಲ ಇಪ್ಪತ್ತು ಫೋಟೋದಲ್ಲಿ ಬರೀ ತಟ್ಟೆ ಬರತ್ತೆ, ಆಮೇಲೆ ಹನಿ ಇನ್ನೂ ಗಾಳೀಲಿರೋದು ಬರತ್ತೆ, ಕೈಗೆ ತಾಳ ಸಿಕ್ಕ ಮೇಲೆ ನೂರಕ್ಕೆ ನಾಲ್ಕೈದು ಕಿರೀಟ. ಹಾಲು ಆಳ ಇದ್ರೆ ಕಿರೀಟ ಆದ ಮೇಲೆ ಮಧ್ಯದಿಂದ ಕಂಬ ಏಳತ್ತೆ, ಅದನ್ನೂ ಬೇಕು ಅಂತಲೇ ಮಾಡಿ ನೋಡು, ಹಾಲಿಗೆ ನೀರು ಬೆರೆಸಿಯೂ ನೋಡು, ಎಷ್ಟು ಆಳಕ್ಕೆ ಏನಾಯ್ತು ಅಂತ ಬರೆದಿಟ್ಕೋ.

ಅಮ್ಮನ್ನ ಕೇಳಿ ಸ್ವಲ್ಪ ಹಾಲು ಇಸ್ಕೋ, ಕಾಫಿಗೆ ಇಟ್ಟ ಹಾಲು ಮುಟ್ಟಬೇಡ. ಲೆನ್ಸಿನ ಮುಂದೆ ಒಂದು ಫಿಲ್ಟರ್ ಹಾಕ್ಸು, ಸಿಡಿದ ಹಾಲು ಒಣಗೋ ಮುಂಚೆ ಒದ್ದೆ ಹತ್ತಿ ಬಟ್ಟೇಲಿ ಒರೆಸಿಬಿಡು, ಒಣಗಿದ್ರೆ ಮಾವ ಇನ್ನೊಂದ್ಸಲ ಕ್ಯಾಮೆರಾ ಕೊಡಲ್ಲ.